ಓದಲು ಬಾರದಿದ್ದರೂ ಹೊತ್ತು ತಂದ ಕಂಬ

ದೆಹಲಿಯ ಫಿರೋಜ್ ಷಾ ಕೋಟ್ಲಾದ ಹಾಳು ಕೋಟೆಯೊಳಗೆ, ಮೆಟ್ಟಿಲು ಮೆಟ್ಟಿಲಾಗಿ ಮೇಲೆದ್ದ ಮೂರಂತಸ್ತಿನ ಕಲ್ಲುಕಟ್ಟಡದ ನೆತ್ತಿಯ ಮೇಲೆ ಅಶೋಕನ ಕಂಬವೊಂದು ನಿಂತಿದೆ. ಪಕ್ಕದ ಕ್ರಿಕೆಟ್ ಮೈದಾನದಲ್ಲಿ 1999ರ ಫೆಬ್ರುವರಿ 7ರಂದು ಅನಿಲ್ ಕುಂಬ್ಳೆ ಪಾಕಿಸ್ತಾನದ ಹತ್ತೂ ವಿಕೆಟ್ ಕಿತ್ತ ಮೇಲೆ ಕೋಟ್ಲಾ ಎಂಬ ಹೆಸರು ಕನ್ನಡಿಗರ ಬಾಯಲ್ಲಿ ನಿಂತಿತು. ಕಂಬಕ್ಕೆ ಆ ಭಾಗ್ಯವಿಲ್ಲ. ರಾಜಧಾನಿ ನೋಡಲು ಹೋದವರು ಕೆಂಪುಕೋಟೆ, ಕುತುಬ್ ಮಿನಾರ್, ಇಂಡಿಯಾ ಗೇಟ್ ಮುಗಿಸಿ ರೈಲು ಹತ್ತುತ್ತಾರೆ. ಕುತುಬ್ ಆವರಣದ ಕಬ್ಬಿಣದ ಕಂಬದ ಮುಂದೆ ಫೋಟೊ ತೆಗೆಸಿಕೊಂಡವರಿಗೂ ಅದಕ್ಕಿಂತ ಆರೇಳು ಶತಮಾನ ಹಿರಿದಾದ ಈ ಕಲ್ಲಿನ ಸುದ್ದಿ ಗೊತ್ತಿರುವುದಿಲ್ಲ.

ಕಂಬದ ಹುಟ್ಟೂರು ದೆಹಲಿಯಲ್ಲ. ಕ್ರಿ.ಪೂ. 3ನೇ ಶತಮಾನದಲ್ಲಿ ಅಶೋಕ ಇದರ ಮೇಲೆ ಶಾಸನ ಕೆತ್ತಿಸಿದಾಗ ಇದು ಇದ್ದದ್ದು ಇಂದಿನ ಹರಿಯಾಣದ ಯಮುನಾನಗರ ಜಿಲ್ಲೆಯ ತೋಪ್ರಾದಲ್ಲಿ. 12ನೇ ಶತಮಾನದ ಚೌಹಾಣ ದೊರೆ ನಾಲ್ಕನೆಯ ವಿಗ್ರಹರಾಜ ತನ್ನ ದಿಗ್ವಿಜಯದ ವಾರ್ತೆಯನ್ನೂ ಇದರ ಮೇಲೆ ಬರೆಸಿದ. ಆಮೇಲೆ ಸುಮಾರು ಇನ್ನೂರು ವರ್ಷ ಕಂಬ ಯಾರ ಗೊಡವೆಯೂ ಇಲ್ಲದೆ ನಿಂತಿತ್ತು. ಊರವರ ಪಾಲಿಗೆ ಅದು ಭೀಮಸೇನನ ಊರುಗೋಲು.

1351ರಲ್ಲಿ ಪಟ್ಟಕ್ಕೆ ಬಂದ ಫಿರೋಜ್ ಷಾ ತುಘಲಕ್‌ಗೆ ಕಟ್ಟಡದ ಹುಚ್ಚು. ಇತರರ ಹಳೆಯ ಕಟ್ಟಡಗಳ ಜೀರ್ಣೋದ್ಧಾರದ ಹುಚ್ಚು ಅದಕ್ಕಿಂತ ಹೆಚ್ಚು. ಯಮುನೆಯ ದಡದಲ್ಲಿ ಫಿರೋಜಾಬಾದ್ ಎಂಬ ಹೊಸ ನಗರ ಕಟ್ಟಿಸುತ್ತಿದ್ದ ಅವನ ಕಣ್ಣಿಗೆ ತೋಪ್ರಾದ ಕಂಬ ಬಿತ್ತು. ಸುಮಾರು 13 ಮೀಟರ್ ಉದ್ದದ, 27 ಟನ್ ತೂಕದ ಏಕಶಿಲೆ. ಆಸ್ಥಾನದ ವೃತ್ತಾಂತ ಬರೆದ ಶಮ್ಸ್-ಇ-ಸಿರಾಜ್ ಅಫೀಫ್‌ನ ಲೆಕ್ಕದಲ್ಲಿ ಆ ಸೀಮೆ ದೆಹಲಿಯಿಂದ 90 ಕೋಸು ದೂರ. ಸಾಗಣೆ ನಡೆದಾಗ ಅಫೀಫ್ ಹನ್ನೆರಡು ವರ್ಷದ ಹುಡುಗ. ಅವನ ವಿವರಣೆಯಲ್ಲಿ ಹುಡುಗನ ಬೆರಗು ಇನ್ನೂ ಆರಿಲ್ಲ.

ಮೊದಲು ಸುತ್ತಮುತ್ತಲ ಜನರನ್ನೂ ಸೈನಿಕರನ್ನೂ ಕರೆಸಲಾಯಿತು. ಬರುವಾಗ ಬೂರುಗದ ಹತ್ತಿ ತರಬೇಕೆಂದು ಅಪ್ಪಣೆ. ಕಂಬದ ಸುತ್ತ ಹತ್ತಿಯ ರಾಶಿ ಒಟ್ಟಿ, ಬುಡದ ಮಣ್ಣು ಬಿಡಿಸಿದರು. ಕಂಬ ಮೆಲ್ಲಗೆ ಆ ಹಾಸಿಗೆಯ ಮೇಲೆ ಒರಗಿತು. ಹತ್ತಿಯನ್ನು ಸ್ವಲ್ಪಸ್ವಲ್ಪವೇ ಎಳೆದುಹಾಕಿ ಕೆಲವು ದಿನಗಳಲ್ಲಿ ಅದನ್ನು ನೆಲಕ್ಕಿಳಿಸಿದರು. ಬುಡದಲ್ಲಿ ಸಿಕ್ಕಿದ ಚೌಕ ಅಡಿಗಲ್ಲನ್ನೂ ಬಿಡದೆ ಎತ್ತಿದರು. ಕಂಬಕ್ಕೆ ಜೊಂಡು ಸುತ್ತಿ, ಮೇಲೆ ಹಸಿ ತೊಗಲು ಹೊದಿಸಿದರು. ಸಾಗಿಸಲು 42 ಗಾಲಿಗಳ ಬಂಡಿಯೊಂದು ಸಿದ್ಧವಾಯಿತು. ಗಾಲಿಗೊಂದು ಹಗ್ಗ, ಹಗ್ಗಕ್ಕೆ 200 ಆಳು. ಅಂದರೆ 8,400 ಜನ ಒಂದು ಕಲ್ಲನ್ನು ಎಳೆದರು.

ಯಮುನೆಯ ದಡದಲ್ಲಿ ಸುಲ್ತಾನನೇ ಬಂದು ಕಾದಿದ್ದ. ಸಾವಿರಾರು ಮಣ ಧಾನ್ಯ ಹೊರುವ ದೋಣಿಗಳನ್ನು ಜೋಡಿಸಿ, ಕಂಬವನ್ನು ಏರಿಸಿ ಹೊಳೆಯ ಮೇಲೆ ಫಿರೋಜಾಬಾದಿಗೆ ತಂದರು. ಅಲ್ಲಿ ಜಾಮಿ ಮಸೀದಿಯ ಪಕ್ಕದಲ್ಲಿ ಕಲ್ಲುಗಾರೆಯ ಕಟ್ಟಡ ಏಳತೊಡಗಿತು. ಒಂದು ಸಾಲು ಕಟ್ಟುವುದು, ಕಂಬವನ್ನು ಅದರ ಮೇಲಕ್ಕೆ ಎತ್ತುವುದು, ಮತ್ತೊಂದು ಸಾಲು ಕಟ್ಟುವುದು. ನೆತ್ತಿಗೆ ಮುಟ್ಟಿದ ಮೇಲೆ ದಪ್ಪ ಹಗ್ಗ ಬಿಗಿದು, ರಾಟೆ ತಿರುಗಿಸಿ, ತುಸು ಎದ್ದಾಗಲೆಲ್ಲ ಅಡಿಗೆ ಮರದ ದಿಮ್ಮಿ ಕೊಟ್ಟು, ಗೇಣು ಗೇಣಾಗಿ ನಿಲ್ಲಿಸಿದರು. ತುದಿಗೆ ಚಿನ್ನದ ಕಳಶ ಬಂತು. ಹೆಸರು ಮಿನಾರ್-ಇ-ಜರೀನ್, ಬಂಗಾರದ ಮಿನಾರು.

ಇಷ್ಟೆಲ್ಲ ಮಾಡಿದ ಸುಲ್ತಾನನಿಗೆ ಕಂಬದ ಮೇಲೆ ಏನು ಬರೆದಿದೆಯೆಂದು ಗೊತ್ತಿರಲಿಲ್ಲ. ಪಂಡಿತರನ್ನು ಕರೆಸಿ ಕೇಳಿದ. ಅವರಿಗೂ ಬರಲಿಲ್ಲ. ಫಿರೋಜ್ ಎಂಬ ದೊರೆ ಬರುವ ತನಕ ಈ ಕಂಬವನ್ನು ಯಾರೂ ಕದಲಿಸಲಾರರು ಎಂದು ಬರೆದಿದೆಯೆಂದು ಕೆಲವರು ಹೇಳಿದರಂತೆ. ಅರಮನೆಯ ಅನ್ನದ ಋಣ ಅಂಥದು! 17ನೇ ಶತಮಾನದಲ್ಲಿ ಬಂದ ಇಂಗ್ಲಿಷ್ ಪ್ರವಾಸಿ ಥಾಮಸ್ ಕೋರಿಯಟ್‌ನ ಊಹೆ ಇನ್ನೂ ಸೊಗಸು. ನುಣುಪಿಗೆ ಮರುಳಾಗಿ ಕಲ್ಲನ್ನು ಹಿತ್ತಾಳೆಯೆಂದು ಬಗೆದ. ಅಲೆಕ್ಸಾಂಡರ್ ಪೌರವನನ್ನು ಇಲ್ಲೇ ಸೋಲಿಸಿ ನೆಟ್ಟ ವಿಜಯಸ್ತಂಭವೆಂದು ಬರೆದ.

ಅಕ್ಷರ ಬಾಯಿಬಿಟ್ಟದ್ದು 1837ರಲ್ಲಿ. ಕಲ್ಕತ್ತದ ಟಂಕಸಾಲೆಯ ಅಧಿಕಾರಿ ಜೇಮ್ಸ್ ಪ್ರಿನ್ಸೆಪ್ ಸಾಂಚಿಯ ಪುಟ್ಟ ಬರಹಗಳನ್ನು ನೋಡುತ್ತಿದ್ದಾಗ ಎಲ್ಲವೂ ಒಂದೇ ಬಗೆಯಲ್ಲಿ ಮುಗಿಯುವುದನ್ನು ಗಮನಿಸಿದ. ಅದು ‘ದಾನಂ’ ಇರಬಹುದೆಂದು ಊಹಿಸಿದ. ಆ ಎಳೆ ಹಿಡಿದು ಬ್ರಾಹ್ಮಿ ಲಿಪಿಯನ್ನು ಬಿಡಿಸಿ, ದೆಹಲಿಯ ಕಂಬವನ್ನು ಓದಿದ. ಮಾತನಾಡುತ್ತಿದ್ದವನು ‘ದೇವಾನಂಪಿಯ ಪಿಯದಸಿ’. ಅವನು ಅಶೋಕನೇ ಎಂಬುದನ್ನು ಸಿಂಹಳದ ಗ್ರಂಥಗಳಿಂದ ಜಾರ್ಜ್ ಟರ್ನರ್ ತೋರಿಸಿದ. ಆದರೆ ಅಶೋಕ ಎಂಬ ಹೆಸರೇ ಅವನ ಶಾಸನದಲ್ಲಿ ಕಾಣಿಸಿದ್ದು 1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯ ಬಂಡೆಯಲ್ಲಿ. ದೆಹಲಿಯ ಕಂಬದ ಒಡೆಯ ಯಾರೆಂಬುದಕ್ಕೆ ಸಾಕ್ಷಿ ನುಡಿದದ್ದು ಕನ್ನಡದ ನೆಲ.

ಈ ಕಂಬದಲ್ಲಿ ಏಳು ಶಾಸನಗಳಿವೆ. ಉಳಿದ ಅಶೋಕಸ್ತಂಭಗಳಲ್ಲಿ ಹೆಚ್ಚೆಂದರೆ ಆರು. ಏಳನೆಯದು ಪೂರ್ಣವಾಗಿ ಉಳಿದಿರುವುದು ಇಲ್ಲಿ ಮಾತ್ರ. ದಾರಿಯುದ್ದಕ್ಕೂ ಆಲದ ಮರ ನೆಡಿಸಿದ್ದು, ಮಾವಿನ ತೋಪು ಬೆಳೆಸಿದ್ದು, ಬಾವಿ ತೋಡಿಸಿದ್ದು ಎಂದು ಶಾಲೆಯ ಮಕ್ಕಳು ಉರುಹೊಡೆಯುವ ಸಂಗತಿಗೆ ಮುಖ್ಯ ಆಧಾರ ಇದೇ ಬರಹ. ತೋಪ್ರಾದಲ್ಲಿ ಆ ಕಂಬ ಬಿರುಕುಬಿಟ್ಟಿದ್ದರೆ ಆ ಪಾಠದ ಗತಿ ಏನಾಗುತ್ತಿತ್ತು? ಬೂರುಗದ ಹತ್ತಿಯ ಉಪಕಾರ ಸಣ್ಣದಲ್ಲ.

ಬಿರುಕುಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ದೆಹಲಿಯಲ್ಲೇ ಇದೆ. ಫಿರೋಜ್ ಮೀರತ್‌ನಿಂದ ತರಿಸಿ ಉತ್ತರದ ದಿಬ್ಬದ ಮೇಲಿನ ಬೇಟೆಯ ಅರಮನೆಯ ಬಳಿ ನಿಲ್ಲಿಸಿದ್ದ ಎರಡನೆಯ ಕಂಬ, 18ನೇ ಶತಮಾನದ ಆರಂಭದಲ್ಲಿ ಮೊಘಲ್ ದೊರೆ ಫರ್ರೂಖ್‌ಸಿಯರ್‌ನ ಕಾಲದ ಸಿಡಿಮದ್ದಿನ ಸ್ಫೋಟಕ್ಕೆ ಸಿಕ್ಕಿ ಐದು ತುಂಡಾಯಿತು. ಬರಹವಿದ್ದ ಭಾಗವನ್ನು ಕೊಯ್ದು ಕಲ್ಕತ್ತಕ್ಕೆ ಸಾಗಿಸಿದರು. 1866ರಲ್ಲಿ ಅದು ವಾಪಸು ಬಂತು, ಮರುವರ್ಷ ತುಂಡುಗಳನ್ನು ಕೂಡಿಸಿ ನಿಲ್ಲಿಸಿದರು. ಹಿಂದೂ ರಾವ್ ಆಸ್ಪತ್ರೆಯ ಹತ್ತಿರ, ಬೆಸುಗೆಯ ಗುರುತು ಹೊತ್ತು ನಿಂತಿರುವುದು ಅದೇ. ಅಶೋಕನ ಇನ್ನೊಂದು ಶಾಸನ 1966ರಲ್ಲಿ ದಕ್ಷಿಣ ದೆಹಲಿಯ ಬಹಾಪುರದ ಬಂಡೆಯೊಂದರ ಮೇಲೆ ಸಿಕ್ಕಿತು. ಅದನ್ನು ಯಾರೂ ಎಲ್ಲಿಂದಲೂ ತಂದದ್ದಲ್ಲ.

ಫಿರೋಜಾಬಾದ್ ಮಾತ್ರ ಉಳಿಯಲಿಲ್ಲ. ಅದರ ಕಲ್ಲುಗಳನ್ನು ಮುಂದೆ ಷಹಜಹಾನಾಬಾದ್ ಕಟ್ಟಲು ಹೊತ್ತೊಯ್ದರು. ಚಿನ್ನದ ಕಳಶವೂ ಮಾಯ. ಕಂಬದ ತುದಿ ಬೋಳು. ಈಗ ಗುರುವಾರ ಕೋಟ್ಲಾಕ್ಕೆ ಬರುವ ಜನರಲ್ಲಿ ಬಹಳ ಮಂದಿ ಅಶೋಕನಿಗಾಗಿ ಬರುವವರಲ್ಲ. ಕತ್ತಲ ಕೋಣೆಗಳಲ್ಲಿ ದೀಪ ಹಚ್ಚಿ, ತಮ್ಮ ಕಷ್ಟವನ್ನು ಕಾಗದದಲ್ಲಿ ಬರೆದು ಅಲ್ಲಿನ ಜಿನ್‌ಗಳಿಗೆ ಅರ್ಜಿ ಸಲ್ಲಿಸಿ ಹೋಗುತ್ತಾರೆ.

ನೋಡಬಯಸುವವರು ದೆಹಲಿ ಗೇಟ್ ಮೆಟ್ರೊ ನಿಲ್ದಾಣದಲ್ಲಿ ಇಳಿದರೆ ಕೋಟ್ಲಾ ನಡೆದುಹೋಗುವಷ್ಟು ಹತ್ತಿರ.