ಈಜುಕೊಳದ ಹಳದಿ ಪಾಚಿ: ಕ್ಲೋರಿನ್ ಹಾಕಿದರೂ ಮರಳಿ ಬರುವುದೇಕೆ?

ನೀರು ತಿಳಿಯಾಗಿದೆ, ತಳದ ಟೈಲ್ಸ್ ಎಣಿಸಬಹುದು. ಆದರೆ ಬಿಸಿಲು ಬೀಳದ ಗೋಡೆಯ ಬುಡದಲ್ಲಿ, ಮೆಟ್ಟಿಲಿನ ಮೂಲೆಯಲ್ಲಿ, ಏಣಿಯ ಹಿಂಬದಿಯಲ್ಲಿ ಯಾರೋ ಅರಿಶಿನದ ಪುಡಿ ಉದುರಿಸಿ ಹೋದಂತೆ ತೆಳುವಾದ ಪದರ. ಬ್ರಶ್ ತಾಗಿದೊಡನೆ ಅದು ಹೊಗೆಯಂತೆ ಎದ್ದು ನೀರಿನಲ್ಲಿ ಕರಗಿಹೋಗುತ್ತದೆ. ಕೆಲಸ ಮುಗಿಯಿತೆಂದು ಮನೆಯವರು ನಿಶ್ಚಿಂತರಾಗುತ್ತಾರೆ. ಒಂದೆರಡು ದಿನ ಕಳೆದು ನೋಡಿದರೆ ಅದೇ ಜಾಗದಲ್ಲಿ ಅದೇ ಹಳದಿ.

ಇದು ಹಳದಿ ಪಾಚಿ. ಸಾಸಿವೆಪುಡಿಯ ಬಣ್ಣವಿರುವುದರಿಂದ ಈಜುಕೊಳ ನಿರ್ವಹಿಸುವವರು ಇದನ್ನು ‘ಮಸ್ಟರ್ಡ್ ಆಲ್ಗೆ’ ಎಂದು ಕರೆಯುತ್ತಾರೆ. ಹಸಿರು ಪಾಚಿಯಂತೆ ಇದು ರಾತ್ರೋರಾತ್ರಿ ಇಡೀ ಕೊಳವನ್ನು ಕದಡುವುದಿಲ್ಲ. ನೆರಳಿನ ಮೂಲೆಗಳನ್ನು ಹಿಡಿದು ಸದ್ದಿಲ್ಲದೆ ಬೆಳೆಯುತ್ತದೆ. ಹಸಿರು ಪಾಚಿಯನ್ನು ತಡೆಯುವಷ್ಟು ಕ್ಲೋರಿನ್ ನೀರಿನಲ್ಲಿದ್ದರೂ ಬದುಕುಳಿಯುವುದೇ ಇದರ ವೈಶಿಷ್ಟ್ಯ.

ಹೀಗೆ ಮರಳಿ ಮರಳಿ ಕಾಡಿದಾಗ ಹಲವರು ಹಿಡಿಯುವ ದಾರಿಯೆಂದರೆ ನೀರನ್ನೆಲ್ಲ ಹೊರಹಾಕಿ, ಗೋಡೆ ಉಜ್ಜಿ, ಮತ್ತೆ ತುಂಬಿಸುವುದು. 8 ಮೀಟರ್ ಉದ್ದ, ನಾಲ್ಕೂವರೆ ಮೀಟರ್ ಅಗಲ, ಸರಾಸರಿ 1.4 ಮೀಟರ್ ಆಳವಿರುವ ಮನೆಯ ಕೊಳವೊಂದು ಸುಮಾರು 50 ಸಾವಿರ ಲೀಟರ್ ನೀರು ಹಿಡಿಯುತ್ತದೆ. ಅದನ್ನು ತುಂಬಿಸಲು 12 ಸಾವಿರ ಲೀಟರಿನ ಟ್ಯಾಂಕರ್ ನಾಲ್ಕು ಬಂದರೂ ಸಾಲದು. ನೀರಿನ ಹಾಹಾಕಾರವೆದ್ದಿದ್ದ 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿಯು ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ, ಉಲ್ಲಂಘಿಸಿದವರಿಗೆ 5,000 ರೂಪಾಯಿ ದಂಡ ಪ್ರಕಟಿಸಿತ್ತು. ಪಾಚಿ ಕಂಡಾಗಲೆಲ್ಲ ಕೊಳ ಬರಿದು ಮಾಡುವುದು ದುಬಾರಿಯಷ್ಟೇ ಅಲ್ಲ, ನೀರಿಗಾಗಿ ಕಾದು ಕುಳಿತ ನೆರೆಹೊರೆಯವರ ಮುಂದೆ ಸಮರ್ಥಿಸಿಕೊಳ್ಳಲಾಗದ ಕೆಲಸ. ಅದಕ್ಕಿಂತ ಮುಖ್ಯವಾಗಿ, ಅದರಿಂದ ಪಾಚಿಯೂ ಹೋಗುವುದಿಲ್ಲ. ಫಿಲ್ಟರಿನ ಮರಳಿನಲ್ಲಿ, ದೀಪದ ಹಿಂದಿನ ಪೊಳ್ಳಿನಲ್ಲಿ, ಉಜ್ಜಿದ ಬ್ರಶ್ಶಿನಲ್ಲೇ ಉಳಿದುಕೊಂಡಿದ್ದು ಹೊಸ ನೀರಿಗೂ ಇಳಿಯುತ್ತದೆ.

ಪಾಚಿಯೋ, ಮರಳೋ?

ಚಿಕಿತ್ಸೆಗೆ ಮೊದಲು ರೋಗ ಖಚಿತವಾಗಬೇಕು. ಮರಳನ್ನು ಬೆರಳುಗಳ ನಡುವೆ ಉಜ್ಜಿದರೆ ತರಿತರಿಯಾಗಿರುತ್ತದೆ. ಕಲಕಿದರೆ ಕೂಡಲೇ ತಳ ಸೇರುತ್ತದೆ. ಪಾಚಿಗೆ ತರಿಯಿಲ್ಲ, ಅದು ನೀರಿನಲ್ಲಿ ಬಹಳ ಹೊತ್ತು ತೇಲುತ್ತದೆ. ಗಾಳಿ ತಂದ ಧೂಳು ಹಾಗೂ ಹೂವಿನ ಪರಾಗಕ್ಕೆ ಬಿಸಿಲು ನೆರಳಿನ ಭೇದವಿಲ್ಲ, ಅವು ಕಡಿದಾದ ಗೋಡೆಗೆ ಅಂಟಿ ನಿಲ್ಲುವುದೂ ಇಲ್ಲ. ಪಾಚಿ ಗೋಡೆ ಹತ್ತುತ್ತದೆ, ನೆರಳನ್ನೇ ಆರಿಸಿಕೊಳ್ಳುತ್ತದೆ. ಇನ್ನು ಕ್ಲೋರಿನ್ ಸುರಿದ ಕೂಡಲೇ ನೀರೆಲ್ಲ ಕಂದು ಹಳದಿಗೆ ತಿರುಗಿದರೆ ಅದು ಪಾಚಿಯಲ್ಲ. ಕೊಳವೆಬಾವಿಯ ನೀರಿನಲ್ಲಿರುವ ಕಬ್ಬಿಣದ ಅಂಶ. ಅದಕ್ಕೆ ಎಷ್ಟು ಕ್ಲೋರಿನ್ ಸುರಿದರೂ ಪ್ರಯೋಜನವಿಲ್ಲ.

ಹಳದಿ ಪಾಚಿಯಿಂದ ನೇರವಾಗಿ ಕಾಯಿಲೆ ಬರುತ್ತದೆಂಬ ಭಯ ಬೇಡ. ಆದರೆ ಅದರ ಇರುವಿಕೆ ಒಂದು ಸೂಚನೆ. ಪಾಚಿ ಬೆಳೆಯುವ ನೀರಿನಲ್ಲಿ ಕ್ಲೋರಿನ್ ತನ್ನ ಕೆಲಸವನ್ನು ಪೂರ್ತಿಯಾಗಿ ಮಾಡುತ್ತಿಲ್ಲ ಎಂದರ್ಥ. ಕ್ಲೋರಿನ್ ಸೋತಲ್ಲಿ ರೋಗಾಣುಗಳಿಗೂ ಅವಕಾಶವಿದೆ. 2024 ಮತ್ತು 2025ರಲ್ಲಿ ನೆರೆಯ ಕೇರಳದಲ್ಲಿ ‘ಮೆದುಳು ತಿನ್ನುವ ಅಮೀಬಾ’ ಸೋಂಕಿಗೆ ಮಕ್ಕಳೂ ಬಲಿಯಾದ ಬಳಿಕ ಅಲ್ಲಿನ ಆರೋಗ್ಯ ಇಲಾಖೆ ಬಾವಿ, ಕೊಳಗಳ ಕ್ಲೋರಿನೀಕರಣಕ್ಕೆ ಒತ್ತು ಕೊಟ್ಟದ್ದು ಈ ಕಾರಣಕ್ಕೇ. ಮಕ್ಕಳು ಇಳಿಯುವ ಕೊಳದಲ್ಲಿ ಹಳದಿ ಪದರವನ್ನು ಕೇವಲ ಅಂದಗೇಡು ಎಂದು ಬಿಡಲಾಗದು.

ಕ್ಲೋರಿನ್ನಿನ ಕೈ ಕಟ್ಟುವ ಗುಳಿಗೆ

ಕ್ಲೋರಿನ್ ಇದ್ದೂ ಸೋಲುವುದೇಕೆ? ಬಹುಪಾಲು ಮನೆಗಳಲ್ಲಿ ಇದರ ಉತ್ತರ ತೇಲುವ ಡಬ್ಬಿಯೊಳಗಿನ ಬಿಳಿ ಗುಳಿಗೆಯಲ್ಲಿದೆ. ಮಾರುಕಟ್ಟೆಯಲ್ಲಿ ‘ಟಿಸಿಸಿಎ 90’ ಎಂದು ಸಿಗುವ ಈ ಗುಳಿಗೆ ನಿಧಾನವಾಗಿ ಕರಗಿ ಕ್ಲೋರಿನ್ ಬಿಡುತ್ತದೆ. ಜೊತೆಗೆ ಸಯನ್ಯೂರಿಕ್ ಆಮ್ಲವನ್ನೂ ಬಿಡುತ್ತದೆ. ಇದು ಕ್ಲೋರಿನ್ನಿಗೆ ಕೊಡೆ ಹಿಡಿದಂತೆ: ಇದಿಲ್ಲದಿದ್ದರೆ ನಡುಹಗಲಿನ ಬಿಸಿಲಿಗೆ ನೀರಿನ ಕ್ಲೋರಿನ್ ಒಂದು ಗಂಟೆಯೊಳಗೇ ಅರ್ಧಕ್ಕಿಳಿಯುತ್ತದೆ. ಹಾಗಾಗಿ ಸ್ವಲ್ಪ ಬೇಕೇ ಬೇಕು; 30ರಿಂದ 50 ಪಿಪಿಎಂ, ಅಂದರೆ ಲೀಟರಿಗೆ 30ರಿಂದ 50 ಮಿಲಿಗ್ರಾಂ.

ತೊಂದರೆ ಇರುವುದು ಮಿತಿ ಮೀರಿದಾಗ. ಕೊಡೆ ದೊಡ್ಡದಾದಷ್ಟೂ ಅದರಡಿಯ ಕ್ಲೋರಿನ್ ಪಾಚಿಯ ಮೇಲೆ ಎರಗುವ ಶಕ್ತಿ ಕಳೆದುಕೊಳ್ಳುತ್ತದೆ. ಕ್ಲೋರಿನ್ ಬಿಸಿಲಿಗೆ ಆವಿಯಾದಂತೆ ಈ ಆಮ್ಲ ಹೋಗುವುದಿಲ್ಲ, ದಿನದಿಂದ ದಿನಕ್ಕೆ ಜಮೆಯಾಗುತ್ತದೆ. ಲೆಕ್ಕ ಸರಳ. 200 ಗ್ರಾಂ ತೂಕದ ಒಂದು ಗುಳಿಗೆ 50 ಸಾವಿರ ಲೀಟರಿನ ಕೊಳಕ್ಕೆ ಸುಮಾರು 3.6 ಪಿಪಿಎಂ ಕ್ಲೋರಿನ್ ಕೊಡುತ್ತದೆ, ಅದರೊಡನೆ 2 ಪಿಪಿಎಂಗೂ ಮಿಕ್ಕಿ ಸಯನ್ಯೂರಿಕ್ ಆಮ್ಲ ಸೇರಿಸುತ್ತದೆ. ದಿನಕ್ಕೊಂದು ಗುಳಿಗೆಯಂತೆ ತಿಂಗಳಿಗೆ 60ಕ್ಕೂ ಹೆಚ್ಚು, ಎರಡು ತಿಂಗಳಿಗೆ 120ಕ್ಕೂ ಹೆಚ್ಚು. ಬ್ಯಾಕ್‌ವಾಶ್, ಮಳೆಗಳಿಂದ ಒಂದಿಷ್ಟು ತಗ್ಗೀತು, ಅಷ್ಟೇ. ಪರೀಕ್ಷೆಯ ಬಾಟಲಿಯಲ್ಲಿ ಕ್ಲೋರಿನ್ 3 ಎಂದು ತೋರಿಸುತ್ತಲೇ ಇರುತ್ತದೆ. ಗೋಡೆಯಲ್ಲಿ ಪಾಚಿ ಬೆಳೆಯುತ್ತಲೇ ಇರುತ್ತದೆ.

ಅನುಭವಿ ನಿರ್ವಾಹಕರ ಸೂತ್ರವೊಂದಿದೆ. ದಿನನಿತ್ಯದ ಕ್ಲೋರಿನ್, ಸಯನ್ಯೂರಿಕ್ ಆಮ್ಲದ ಪ್ರಮಾಣದ ಶೇ. 7.5ಕ್ಕಿಂತ ಕೆಳಗಿಳಿಯಬಾರದು. ಹಸಿರು ಪಾಚಿಯನ್ನು ಕೊಲ್ಲಲು ಶೇ. 40 ಬೇಕು. ಹಳದಿ ಪಾಚಿಗೆ ಶೇ. 60. ಆಮ್ಲ 30 ಇರುವ ಕೊಳದಲ್ಲಿ ಇದು 18 ಪಿಪಿಎಂ, ಸಾಧ್ಯವಾದ ಮಾತು. 120 ಇರುವ ಕೊಳದಲ್ಲಿ 72, ಅದು ಹುಚ್ಚಾಟ. ಅಲ್ಲಿ ಮಾತ್ರ ನೀರು ಬದಲಿಸುವುದು ಅನಿವಾರ್ಯ, ಅದೂ ಪೂರ್ತಿ ಅಲ್ಲ. ಅರ್ಧ ನೀರು ಬದಲಿಸಿದರೆ ಆಮ್ಲ ಅರ್ಧವಾಗುತ್ತದೆ. ಮಳೆಗಾಲದಲ್ಲಿ, ವಿಶೇಷವಾಗಿ ಅಂತರ್ಜಲ ಮೇಲಕ್ಕೇರುವ ಕರಾವಳಿಯಲ್ಲಿ, ಕೊಳವನ್ನು ಪೂರ್ತಿ ಬರಿದು ಮಾಡಿದರೆ ಕೆಳಗಿನ ನೀರಿನ ಒತ್ತಡಕ್ಕೆ ತಳ ಬಿರಿಯುವ, ಫೈಬರ್ ಕೊಳವಾದರೆ ಮೇಲಕ್ಕೇ ಎದ್ದುಬರುವ ಅಪಾಯವೂ ಉಂಟು.

ಆದ್ದರಿಂದ ಎಲ್ಲಕ್ಕೂ ಮೊದಲು ಸಯನ್ಯೂರಿಕ್ ಆಮ್ಲವನ್ನು ಅಳೆಯಬೇಕು. ಅಗ್ಗದ ಪೆಟ್ಟಿಗೆಗಳಲ್ಲಿ ಇದರ ಪರೀಕ್ಷೆಯೇ ಇರುವುದಿಲ್ಲ, ಬೇರೆಯಾಗಿ ಕೊಳ್ಳಬೇಕಾಗುತ್ತದೆ. ಮದ್ದು ಬೆರೆಸಿದಾಗ ಬಿಳಿಚಿ ಮಬ್ಬಾಗುವ ನೀರನ್ನು ಕೊಳವೆಗೆ ಸುರಿಯುತ್ತ ಹೋಗಿ, ತಳದ ಕಪ್ಪು ಚುಕ್ಕೆ ಕಾಣದಾದ ಮಟ್ಟವನ್ನು ಓದುವುದು ಇದರ ಕ್ರಮ. ಹಳದಿ ಬಣ್ಣಕ್ಕೆ ತಿರುಗುವ ಒಟಿಒ ಹನಿಗಳ ಬಗ್ಗೆಯೂ ಒಂದು ಮಾತು: ಅವು ಒಟ್ಟು ಕ್ಲೋರಿನ್ ತೋರಿಸುತ್ತವೆ, ಕೆಲಸಕ್ಕೆ ಬರುವ ಕ್ಲೋರಿನ್ನನ್ನು ಪ್ರತ್ಯೇಕಿಸಿ ಹೇಳುವುದಿಲ್ಲ.

ಒಂದೇ ಬಾರಿಗೆ, ಎಲ್ಲೆಡೆ

ಹಳದಿ ಪಾಚಿಯ ಮೇಲಿನ ದಾಳಿ ಅರೆಬರೆಯಾದರೆ ವ್ಯರ್ಥ. ನೀರಿಗಿಳಿಯುವ ಪ್ರತಿಯೊಂದು ವಸ್ತುವೂ ಅದರ ವಾಹನ. ಬ್ರಶ್, ಬಲೆ, ವ್ಯಾಕ್ಯೂಮ್ ಪೈಪು, ಮಕ್ಕಳ ಗಾಳಿಚೆಂಡು, ಏಣಿಗಳನ್ನು ಚಿಕಿತ್ಸೆಯ ವೇಳೆ ಕೊಳದಲ್ಲೇ ಮುಳುಗಿಸಿಡುವುದು ಸುಲಭದ ಉಪಾಯ. ಈಜುಡುಪುಗಳನ್ನು ಮಾರ್ಜಕ ಹಾಕಿ ಒಗೆಯಬೇಕು. ನೀರಿನೊಳಗಿನ ದೀಪವನ್ನು, ಮೇನ್ ಸ್ವಿಚ್ ಆರಿಸಿದ ನಂತರ, ಗೂಡಿನಿಂದ ಹೊರತೆಗೆದು ಹಿಂಬದಿ ಉಜ್ಜಬೇಕು. ಎಷ್ಟೋ ಕೊಳಗಳಲ್ಲಿ ಪಾಚಿಯ ತವರು ಈ ಗೂಡೇ ಆಗಿರುತ್ತದೆ.

ನಂತರ ಪಿಎಚ್ ಮಟ್ಟವನ್ನು 7.2ಕ್ಕೆ ತರಬೇಕು. ಇದನ್ನು ಕ್ಲೋರಿನ್ ಹಾಕುವ ಮೊದಲೇ ಮಾಡಬೇಕು. ಕ್ಲೋರಿನ್ ಏರಿದ ಮೇಲೆ ಕೆಂಪು ಹನಿಯ ಪಿಎಚ್ ಪರೀಕ್ಷೆ ಸುಳ್ಳು ಹೇಳುತ್ತದೆ. ಸೂರ್ಯ ಮುಳುಗಿದ ಮೇಲೆ, ಪಂಪು ಓಡುತ್ತಿರುವಾಗ, ದ್ರವ ಕ್ಲೋರಿನ್ ಎಂದು ಮಾರುವ ಸೋಡಿಯಂ ಹೈಪೋಕ್ಲೋರೈಟನ್ನು ಸುರಿಯಬೇಕು. ಶೇ. 10ರ ದ್ರಾವಣವಾದರೆ 50 ಸಾವಿರ ಲೀಟರಿನ ಕೊಳಕ್ಕೆ ಪ್ರತಿ ಪಿಪಿಎಂಗೆ ಅರ್ಧ ಲೀಟರ್, 18 ಪಿಪಿಎಂಗೆ 9 ಲೀಟರ್. ಈ ದ್ರಾವಣ ಬಿಸಿಲಿನಲ್ಲಿಟ್ಟರೆ ಬೇಗ ಸತ್ವ ಕಳೆದುಕೊಳ್ಳುವುದರಿಂದ ಹಳೆಯ ಕ್ಯಾನ್ ನಂಬುವಂತಿಲ್ಲ. ಬ್ಲೀಚಿಂಗ್ ಪೌಡರ್ ಕೂಡ ಆದೀತು, ಆದರೆ ಅದು ನೀರಿಗೆ ಸುಣ್ಣದಂಶ ಸೇರಿಸುತ್ತದೆ. ಗಡಸು ನೀರಿನ ಕೊಳವೆಬಾವಿಯನ್ನೇ ನಂಬಿದ ಊರುಗಳಲ್ಲಿ ಟೈಲ್ಸ್ ಮೇಲೆ ಬಿಳಿ ಪೊರೆ ಕಟ್ಟುವುದು ಖಂಡಿತ. ಗುಳಿಗೆಯನ್ನಂತೂ ಈ ಕೆಲಸಕ್ಕೆ ಬಳಸಲೇಬಾರದು.

ಕ್ಲೋರಿನ್ ಹಾಕಿ ಮಲಗಿದರೆ ಆಗದು. ಸತ್ತ ಪಾಚಿ ಅದನ್ನು ತಿನ್ನುತ್ತಲೇ ಇರುವುದರಿಂದ ಕೆಲವು ಗಂಟೆಗಳಿಗೊಮ್ಮೆ ಅಳೆದು, ಇಳಿದಷ್ಟನ್ನು ತುಂಬುತ್ತಿರಬೇಕು. ದಿನಕ್ಕೆ ಎರಡು ಬಾರಿ ಗೋಡೆ ಉಜ್ಜಬೇಕು. ಫಿಲ್ಟರ್ ಹಗಲಿರುಳು ಓಡಬೇಕು, ಅದರ ಒತ್ತಡ ಏರಿದಾಗ ಬ್ಯಾಕ್‌ವಾಶ್ ಮಾಡಬೇಕು. ರಾತ್ರಿಯಿಂದ ಬೆಳಗಿನವರೆಗೆ ಕ್ಲೋರಿನ್ 1 ಪಿಪಿಎಂಗಿಂತ ಹೆಚ್ಚು ಇಳಿಯದಿದ್ದರೆ ನೀರಿನಲ್ಲಿ ಅದನ್ನು ತಿನ್ನುವ ಜೀವ ಉಳಿದಿಲ್ಲವೆಂದು ತಿಳಿಯಬಹುದು. ಹಾಗಾದ ಮೇಲೂ ಆ ಶೇ. 60ರ ಮಟ್ಟವನ್ನು ಇನ್ನೊಂದು ದಿನ ಕಾಯ್ದುಕೊಳ್ಳಬೇಕು. ಮಾಮೂಲಿ ಮಟ್ಟಕ್ಕೆ ಇಳಿಯುವವರೆಗೆ ಯಾರೂ ನೀರಿಗಿಳಿಯಬಾರದು.

ಬಾಟಲಿಯ ಮದ್ದುಗಳು

ಇಷ್ಟೆಲ್ಲ ತಾಪತ್ರಯವೇಕೆ, ಪಾಚಿನಾಶಕ ಸುರಿದರಾಯಿತು ಎನ್ನುವವರಿದ್ದಾರೆ. ಹಳದಿ ಪಾಚಿಗೆಂದೇ ಮಾರುವ ಕೆಲವು ಪುಡಿಗಳಲ್ಲಿರುವುದು ಸೋಡಿಯಂ ಬ್ರೋಮೈಡ್. ಅದು ಪಾಚಿಯನ್ನು ಕೊಲ್ಲುವುದು ನಿಜ. ಆದರೆ ಆನಂತರ ಹಾಕುವ ಕ್ಲೋರಿನ್ ಬ್ರೋಮಿನ್ ಆಗಿ ಬದಲಾಗುತ್ತಿರುತ್ತದೆ. ಅದಕ್ಕೆ ಸಯನ್ಯೂರಿಕ್ ಆಮ್ಲದ ಕೊಡೆ ಸಿಗದೆ ಬಿಸಿಲಿಗೆ ಹಾರಿಹೋಗುತ್ತದೆ. ಇನ್ನೊಂದು ಬಗೆ ತಾಮ್ರದ್ದು. ಅಡಿಕೆ ತೋಟದವರಿಗೆ ಚಿರಪರಿಚಿತವಾದ ಮೈಲುತುತ್ತದ ಅಂಶವೇ ಇದು. ಮಿತಿಮೀರಿದರೆ ಗೋಡೆಗೆ ಕಲೆ ಹಿಡಿಯುತ್ತದೆ, ತಿಳಿಬಣ್ಣದ ಅಥವಾ ನರೆತ ಕೂದಲು ಹಸಿರಾಗುತ್ತದೆ. ಈ ಹಸಿರಿಗೆ ಜನ ದೂರುವುದು ಮಾತ್ರ ಕ್ಲೋರಿನ್ನನ್ನು!

ಒಂದಕ್ಕೊಂದು ಹೊಂದದ ಮದ್ದು ಬೆರೆತರೆ ಏನಾಗುತ್ತದೆ ಎಂಬುದಕ್ಕೆ 2016ರ ರಿಯೊ ಒಲಿಂಪಿಕ್ಸ್ ಸಾಕ್ಷಿ. ಅಲ್ಲಿ ನೀರಿಗೆ ಹಾಕಿದ ಹೈಡ್ರೋಜನ್ ಪೆರಾಕ್ಸೈಡ್ ಕ್ಲೋರಿನ್ನನ್ನು ನಿಷ್ಕ್ರಿಯಗೊಳಿಸಿದ್ದರಿಂದ ಡೈವಿಂಗ್ ಕೊಳ ಜಗತ್ತಿನೆದುರೇ ಹಸಿರಾಯಿತು. ಮನೆಯಲ್ಲಿ ಇದಕ್ಕಿಂತ ದೊಡ್ಡ ಅಪಾಯವಿದೆ. ಟಿಸಿಸಿಎ ಗುಳಿಗೆಯ ಚೂರು ಉಳಿದ ಬಕೆಟ್ಟಿಗೆ ಬ್ಲೀಚಿಂಗ್ ಪೌಡರ್ ಹಾಕಿದರೆ ಬೆಂಕಿ ಹೊತ್ತಿಕೊಳ್ಳಬಹುದು, ಸಿಡಿಯಲೂಬಹುದು. ಆಮ್ಲ ಮತ್ತು ಹೈಪೋಕ್ಲೋರೈಟ್ ಬೆರೆತರೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಅಪಾಯಕ್ಕೆ ಮೊದಲು ಸಿಕ್ಕುವವರು ಮನೆಯ ಯಜಮಾನರಲ್ಲ, ಕೊಳ ತೊಳೆಯಲು ಬರುವ ಕೆಲಸಗಾರರು. ಅವರಿಗೆ ಕೈಗವಸು, ಕನ್ನಡಕ ಕೊಡಿಸಿ, ಪ್ರತಿ ಮದ್ದಿಗೂ ಬೇರೆ ಬಕೆಟ್ ಇಡಿಸುವುದು ಮಾಲೀಕರ ಹೊಣೆ.

ಬ್ಯಾಕ್‌ವಾಶ್ ನೀರನ್ನು, ಬದಲಿಸಿದ ನೀರನ್ನು ಹಾಗೆಯೇ ಮಳೆನೀರಿನ ಚರಂಡಿಗೆ ಬಿಡುವಂತಿಲ್ಲ. ಆ ಚರಂಡಿ ಕೊನೆಗೆ ಸೇರುವುದು ಯಾವುದೋ ಕೆರೆಯನ್ನು, ಅಷ್ಟು ಕ್ಲೋರಿನ್ನಿಗೆ ಮೀನು ಬದುಕದು. ತೊಟ್ಟಿಯಲ್ಲಿ ಕೆಲವು ದಿನ ಬಿಸಿಲಿಗೆ ಬಿಟ್ಟು, ಪರೀಕ್ಷೆಯ ಹನಿ ಬಣ್ಣ ತೋರದಾದ ಮೇಲೆ ಅಂಗಳ ತೊಳೆಯಲು ಬಳಸಬಹುದು.