ಎಂಜಿನ್ ಇಳಿಸುವ ಮುನ್ನ

ಹಳೆಯ ಪ್ರೀಮಿಯರ್ ಪದ್ಮಿನಿಯ ಸೈಲೆನ್ಸರ್‌ನಿಂದ ನೀಲಿ ಹೊಗೆ ಬಂತೆಂದರೆ ನೋಡಿದವರೆಲ್ಲ ಹೇಳುವುದು ಒಂದೇ ಮಾತು: ‘ರಿಂಗ್ ಹೋಗಿದೆ, ಎಂಜಿನ್ ಇಳಿಸಿ.’ ಆಯಿಲ್ ಉರಿಯುತ್ತಿರುವುದೇನೋ ನಿಜ. ಆದರೆ ಅದು ಎಲ್ಲಿಂದ ಬಂತು? ಸವೆದ ಪಿಸ್ಟನ್ ರಿಂಗ್ ದಾಟಿ ಕೆಳಗಿನಿಂದ ಏರಿರಬಹುದು, ಸಡಿಲಾದ ವಾಲ್ವ್ ಗೈಡಿನ ಸಂದಿಯಿಂದ ಇಳಿದಿರಲೂಬಹುದು. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ಬುಸ್ಸೆಂದು ಬಂದು ನಿಂತರೆ ನನ್ನ ಅನುಮಾನ ವಾಲ್ವ್ ಗೈಡಿನ ಮೇಲೆ. ಏರು ಹತ್ತುವಾಗ ಬಿಡದೆ ಬಂದರೆ ರಿಂಗ್ ಮೇಲೆ. ಮೊದಲನೆಯದಕ್ಕೆ ಹೆಡ್ ಬಿಚ್ಚಿದರೆ ಸಾಕು, ಎರಡನೆಯದಕ್ಕೆ ಬ್ಲಾಕ್‌ವರೆಗೂ ಹೋಗಬೇಕು. ಖರ್ಚಿನಲ್ಲಿ ಅಜಗಜಾಂತರ.

ಅನುಮಾನ ಬಗೆಹರಿಸಲು ಕಂಪ್ರೆಷನ್ ಗೇಜ್ ಇದೆ. 1089 ಸಿಸಿಯ ಈ ಎಂಜಿನ್ನಿಗೆ ನಾಲ್ಕು ಸಿಲಿಂಡರ್. ಎಲ್ಲ ಸ್ಪಾರ್ಕ್ ಪ್ಲಗ್ ಬಿಚ್ಚಿ, ಇಗ್ನಿಷನ್ ಕಿಡಿ ತಪ್ಪಿಸಿ, ಒಂದು ಪ್ಲಗ್ಗಿನ ತೂತಿಗೆ ಗೇಜ್ ಕೂರಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯಬೇಕು. ಹೀಗೆ ನಾಲ್ಕಕ್ಕೂ ಮಾಡಿ ಅಳತೆಗಳನ್ನು ಹೋಲಿಸಬೇಕು. ಎಲ್ಲವೂ ಆಸುಪಾಸಿನಲ್ಲಿದ್ದು ಒಂದು ಮಾತ್ರ ಕುಸಿದಿದ್ದರೆ ತೊಂದರೆ ಅಲ್ಲೇ ಇದೆ.

ಇನ್ನು ನನಗೆ ಬಹಳ ಇಷ್ಟವಾದ ಉಪಾಯ. ಆ ಸಿಲಿಂಡರಿಗೆ ಒಂದು ಟೀ ಚಮಚ ಎಂಜಿನ್ ಆಯಿಲ್ ಸುರಿದು ಮತ್ತೆ ಅಳೆಯಿರಿ. ಆಯಿಲ್ ಪಿಸ್ಟನ್ನಿನ ಅಂಚಿಗೆ ಹರಿದು, ರಿಂಗಿಗೂ ಸಿಲಿಂಡರ್ ಗೋಡೆಗೂ ನಡುವಿನ ಸಂದಿಯನ್ನು ಕ್ಷಣಕಾಲ ಮುಚ್ಚುತ್ತದೆ. ಒತ್ತಡ ಚೆನ್ನಾಗಿ ಏರಿದರೆ ರಿಂಗ್ ಅಥವಾ ಬೋರ್ ಸವೆದಿದೆ. ಏರದಿದ್ದರೆ ಗಾಳಿ ವಾಲ್ವಿನಿಂದಲೋ ಗ್ಯಾಸ್ಕೆಟ್ಟಿನಿಂದಲೋ ಸೋರುತ್ತಿದೆ. ಮೇಲಿರುವ ವಾಲ್ವನ್ನು ಆಯಿಲ್ ಮುಚ್ಚಲಾರದು. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೇ ಕುಸಿದಿದ್ದರೆ, ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್ ಸುಟ್ಟಿರುವ ಸಂಭವವೇ ಹೆಚ್ಚು.

ಗ್ಯಾಸ್ಕೆಟ್ ಸುಡುವುದಕ್ಕೆ ಸಾಮಾನ್ಯ ಕಾರಣ ಎಂಜಿನ್ ಅತಿಯಾಗಿ ಕಾಯುವುದು. ಕಾದ ಅಲ್ಯುಮಿನಿಯಂ ಎರಕದ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಕಬ್ಬಿಣದ ಬ್ಲಾಕ್ ಮೇಲೆ ಬಿಗಿದ ಅಲ್ಯುಮಿನಿಯಂ ಹೆಡ್ ಮಿತಿಮೀರಿ ಕಾದರೆ ಡೊಂಕಾಗುತ್ತದೆ. ಆಮೇಲೆ ರೇಡಿಯೇಟರಿನಲ್ಲಿ ಗುಳ್ಳೆ, ಎಂಜಿನ್ ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ, ಡಿಪ್‌ಸ್ಟಿಕ್ಕಿನಲ್ಲಿ ಹಾಲು ಬೆರೆಸಿದ ಕಾಫಿಯಂಥ ಆಯಿಲ್. ಬರೀ ಆಯಿಲ್ ಮುಚ್ಚಳದಡಿಯಲ್ಲಿ ಅಂಥ ನೊರೆ ಕಂಡರೆ ಗಾಬರಿ ಬೇಡ. ಚಳಿಯಲ್ಲಿ ದಿನವೂ ಸ್ವಲ್ಪವೇ ದೂರ ಓಡಿಸಿದರೂ ತೇವ ಕಟ್ಟುತ್ತದೆ.

ಶಬ್ದಕ್ಕೂ ಕಿವಿಗೊಡಬೇಕು. ಮೇಲಿನಿಂದ ಬರುವ ಹಗುರ ‘ಟಿಕ್ ಟಿಕ್’ ಟ್ಯಾಪೆಟ್ಟಿನದು, ಅದನ್ನು ಸೆಟ್ ಮಾಡಿದರೆ ಸರಿಹೋಗಬಹುದು. ಕೆಳಗಿನಿಂದ, ಎಳೆತ ಬಿದ್ದಾಗ ಜೋರಾಗುವ ‘ಧಡ್ ಧಡ್’ ಕನೆಕ್ಟಿಂಗ್ ರಾಡಿನ ಬೇರಿಂಗಿನದಿರಬಹುದು. ಒಂದೊಂದೇ ಸಿಲಿಂಡರಿನ ಕಿಡಿ ತಪ್ಪಿಸಿದಾಗ ಯಾವುದರಲ್ಲಿ ಆ ಬಡಿತ ತಗ್ಗುತ್ತದೋ ಅಲ್ಲೇ ಬೇರಿಂಗ್ ಸವೆದಿದೆ. ಇಳಿಸಿದ ಆಯಿಲನ್ನು ಬಿಳಿ ಬಟ್ಟೆಯ ಮೇಲೆ ಸೋಸಿ ನೋಡಿ. ತಾಮ್ರದ ಬಣ್ಣದ ಚೂರು ಮಿನುಗಿದರೆ ಬೇರಿಂಗಿನ ಮೇಲ್ಪದರ ಸವೆದು ಒಳಪದರ ಕಿತ್ತುಬರುತ್ತಿರಬಹುದು. ಆಗ ಗ್ಯಾರೇಜಿನವರೆಗೂ ಓಡಿಸದೆ, ಕಾರನ್ನು ಟೋ ಮಾಡಿಸಿಯೇ ಒಯ್ಯಿರಿ.