ಓಟದ ಬೂಟಿನ ಆಯುಷ್ಯ

ಮನುಷ್ಯನು ಬಳಸುವ ಪ್ರತಿಯೊಂದು ವಸ್ತುವಿಗೂ ಒಂದು ಆಯುಷ್ಯವುಂಟು. ಕೊಡ ಸೋರಿದರೆ, ಕುಡುಗೋಲು ಮೊಂಡಾದರೆ, ಕಂಬಳಿ ಹರಿದರೆ ಅದು ಕಣ್ಣಿಗೆ ಕಾಣುತ್ತದೆ. ಕಂಡೊಡನೆ ದುರಸ್ತಿಗೋ ಬದಲಾವಣೆಗೋ ಮನಸ್ಸು ಮಾಡುತ್ತೇವೆ. ಆದರೆ ಕೆಲವು ವಸ್ತುಗಳು ಹೊರಗೆ ಸುಸ್ಥಿತಿಯಲ್ಲಿರುವಂತೆ ತೋರುತ್ತಲೇ ಒಳಗೆ ಸತ್ವಹೀನವಾಗಿರುತ್ತವೆ. ಓಟಕ್ಕೂ ನಡಿಗೆಗೂ ನಾವು ಇಂದು ಬಳಸುತ್ತಿರುವ ಬೂಟು ಈ ಎರಡನೆಯ ವರ್ಗಕ್ಕೆ ಸೇರಿದ್ದು. ಅದರ ಮುಪ್ಪು ಕಣ್ಣಿಗೆ ಬೀಳುವ ಮೊದಲೇ ಕಾಲಿಗೆ ತಿಳಿಯುತ್ತದೆ.

ಇಂದು ನಗರಗಳಲ್ಲಿ ಮಾತ್ರವಲ್ಲದೆ ತಾಲ್ಲೂಕು ಕೇಂದ್ರಗಳಲ್ಲಿಯೂ ನಸುಕಿನಲ್ಲೆದ್ದು ನಡೆಯುವವರನ್ನು, ಓಡುವವರನ್ನು ಕಾಣುತ್ತೇವೆ. ಬೆಂಗಳೂರಿನಲ್ಲಿ 2008ರಲ್ಲಿ ಆರಂಭವಾದ ಹತ್ತು ಕಿಲೋಮೀಟರ್ ಓಟದಲ್ಲಿ ನುರಿತ ಕ್ರೀಡಾಪಟುಗಳೊಡನೆ ಸಾವಿರಾರು ಗೃಹಸ್ಥರೂ ಗೃಹಿಣಿಯರೂ ಹಿರಿಯರೂ ಹೆಜ್ಜೆ ಹಾಕುತ್ತಾರೆ. ಇದು ಆರೋಗ್ಯದ ದೃಷ್ಟಿಯಿಂದ ಸ್ವಾಗತಾರ್ಹವಾದ ಸಂಗತಿ. ಆದರೆ ಬೂಟನ್ನು ಕೊಳ್ಳುವಾಗ ನಾವು ತೋರುವ ವಿಚಾರಶೀಲತೆಯನ್ನು ಅದನ್ನು ಬಿಡುವಾಗ ತೋರುವುದಿಲ್ಲ. ಮಗನು ಎರಡು ವರ್ಷ ಓಡಿ ಬಿಟ್ಟ ಬೂಟು ತಂದೆಯವರ ವಾಯುಸೇವನೆಗೆ ಒದಗುತ್ತದೆ. “ಅಟ್ಟೆ ಇನ್ನೂ ಸವೆದಿಲ್ಲ, ಚೆಲ್ಲುವುದೇಕೆ?” ಎಂಬುದು ಅನೇಕ ಮನೆಗಳಲ್ಲಿ ಕೇಳಿಬರುವ ಮಾತು. ಈ ಮಾತಿನಲ್ಲಿ ಮಿತವ್ಯಯವೆಂಬ ಸದ್ಗುಣವಿದೆ, ನಿಜ. ಆದರೆ ಮೊಣಕಾಲು, ಕಣಕಾಲು, ಹಿಮ್ಮಡಿಗಳು ತೆರಬೇಕಾದ ಬೆಲೆ ಆ ಲೆಕ್ಕದಲ್ಲಿ ಸೇರಿರುವುದಿಲ್ಲ.

ಸತ್ವವಿರುವುದು ನಡುವಣ ಪದರದಲ್ಲಿ

ಓಟದ ಬೂಟಿನ ತಳವನ್ನು ಗಮನಿಸಿದರೆ ಅಲ್ಲಿ ಮೂರು ಪದರಗಳು ಕಾಣುತ್ತವೆ. ನೆಲಕ್ಕೆ ತಾಗುವುದು ರಬ್ಬರಿನ ಅಟ್ಟೆ. ಪಾದಕ್ಕೆ ತಾಗುವುದು ತೆಳುವಾದ ಒಳಹಾಸು. ಇವೆರಡರ ನಡುವೆ ದಪ್ಪನೆಯ, ಹಗುರವಾದ ಫೋಮ್ ಪದರವಿರುತ್ತದೆ. ಹೆಚ್ಚಿನ ಬೂಟುಗಳಲ್ಲಿ ಈ ನಡುಪದರವನ್ನು ಈಥೈಲೀನ್ ವಿನೈಲ್ ಅಸಿಟೇಟ್, ಸಂಕ್ಷೇಪವಾಗಿ ಇವಿಎ, ಎಂಬ ವಸ್ತುವಿನಿಂದ ಮಾಡಿರುತ್ತಾರೆ. 1970ರ ದಶಕದಲ್ಲಿ ಓಟದ ಬೂಟುಗಳಿಗೆ ಬಂದ ಈ ವಸ್ತುವಿನಲ್ಲಿ ಗಾಳಿ ತುಂಬಿದ ಅಸಂಖ್ಯ ಸೂಕ್ಷ್ಮ ಕೋಶಗಳಿರುತ್ತವೆ. ಪಾದವು ನೆಲಕ್ಕೆ ಬಿದ್ದಾಗ ಈ ಕೋಶಗಳು ಕುಗ್ಗಿ ಆಘಾತವನ್ನು ತಾವು ನುಂಗುತ್ತವೆ. ಪಾದವೆದ್ದಾಗ ಮತ್ತೆ ಅರಳುತ್ತವೆ.

ನಡೆಯುವಾಗ ನಮ್ಮ ಪಾದದ ಮೇಲೆ ಬೀಳುವ ಭಾರ ದೇಹದ ತೂಕಕ್ಕಿಂತ ಸ್ವಲ್ಪವೇ ಹೆಚ್ಚು. ಓಡುವಾಗಲಾದರೋ ಅದು ದೇಹದ ತೂಕದ ಎರಡರಿಂದ ಮೂರು ಪಟ್ಟಾಗುತ್ತದೆ. 60 ಕಿಲೋಗ್ರಾಂ ತೂಕದವರು ಓಡಿದರೆ ಪ್ರತಿ ಹೆಜ್ಜೆಗೂ 120ರಿಂದ 180 ಕಿಲೋಗ್ರಾಂ ಹೇರಿದಷ್ಟು ಒತ್ತಡ ಒಂದೇ ಪಾದದ ಮೇಲೆ ಬೀಳುತ್ತದೆ. ನಿಧಾನವಾಗಿ ಓಡುವವರು ಒಂದು ಮೀಟರಿಗೆ ಒಂದು ಹೆಜ್ಜೆಯಿಡುತ್ತಾರೆಂದು ಭಾವಿಸಿದರೂ 800 ಕಿಲೋಮೀಟರ್ ಮುಗಿಯುವ ಹೊತ್ತಿಗೆ ಒಂದೊಂದು ಬೂಟು ನಾಲ್ಕು ಲಕ್ಷ ಸಲ ಈ ಪೆಟ್ಟನ್ನು ತಿಂದಿರುತ್ತದೆ. ಇಷ್ಟು ಬಾರಿ ಕುಗ್ಗಿದ ಕೋಶಗಳ ಗೋಡೆಗಳು ಸುಕ್ಕುಗಟ್ಟಿ ಹರಿಯುತ್ತವೆ. ಪದರವು ತೆಳುವಾಗಿ ಗಡುಸಾಗುತ್ತದೆ. ರಬ್ಬರಿನ ಅಟ್ಟೆಯಾದರೋ ಸುಲಭವಾಗಿ ಸವೆಯುವುದಿಲ್ಲ. ಅಟ್ಟೆಯನ್ನು ಮಾತ್ರ ನೋಡಿ ಬೂಟು ಚೆನ್ನಾಗಿದೆ ಎಂದು ನಿರ್ಣಯಿಸುವುದು ಈ ಕಾರಣದಿಂದಲೇ ಸರಿಯಾಗದು.

ವರ್ಷವಲ್ಲ, ದೂರವೇ ಅಳತೆ

ಓಟದ ಬೂಟಿನ ಆಯುಷ್ಯವನ್ನು ತಿಂಗಳು ವರ್ಷಗಳಿಂದ ಅಳೆಯುವುದಕ್ಕಿಂತ ಕ್ರಮಿಸಿದ ದೂರದಿಂದ ಅಳೆಯುವುದು ಯುಕ್ತ. 300ರಿಂದ 500 ಮೈಲಿ, ಅಂದರೆ ಸುಮಾರು 480ರಿಂದ 800 ಕಿಲೋಮೀಟರ್, ಎಂಬುದು ಓಟಗಾರರಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ಮಿತಿ. ವಾರಕ್ಕೆ ಮೂರು ದಿನ, ದಿನಕ್ಕೆ 4 ಕಿಲೋಮೀಟರ್ ಓಡುವ ಗೃಹಸ್ಥರು ತಿಂಗಳಿಗೆ ಸುಮಾರು 50 ಕಿಲೋಮೀಟರ್ ಕ್ರಮಿಸುತ್ತಾರೆ. ಅವರ ಬೂಟು ಹತ್ತು ತಿಂಗಳಿನಿಂದ ಹದಿನಾರು ತಿಂಗಳವರೆಗೆ ಬಾಳಬಹುದು. ವಾರಕ್ಕೆ 50 ಕಿಲೋಮೀಟರ್ ಅಭ್ಯಾಸ ಮಾಡುವ ಕಾಲೇಜು ವಿದ್ಯಾರ್ಥಿಗೆ ಅದೇ ಬೂಟು ಹತ್ತರಿಂದ ಹದಿನಾರು ವಾರಗಳಷ್ಟೇ. ಕೇವಲ ನಡೆಯುವವರಿಗೆ ಪೆಟ್ಟು ಕಡಿಮೆಯಾದ್ದರಿಂದ ಮಿತಿಯ ಮೇಲಂಚನ್ನು ದಾಟಿಯೂ ಪರೀಕ್ಷಿಸುತ್ತ ಬಳಸಬಹುದು. ದೇಹದ ತೂಕ ಹೆಚ್ಚಿದ್ದರೆ, ಡಾಂಬರು ಅಥವಾ ಕಾಂಕ್ರೀಟಿನ ರಸ್ತೆಯೇ ನಿತ್ಯದ ಹಾದಿಯಾಗಿದ್ದರೆ, ಬೂಟು ತೀರ ಹಗುರವಾದದ್ದಾಗಿದ್ದರೆ ಆಯುಷ್ಯವು ಕೆಳಗಿನ ಅಂಚಿಗೆ ಸರಿಯುತ್ತದೆ.

ಇಲ್ಲಿ ಒಂದು ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಈ ಅಂಕಿಗಳು ಬೂಟು ಮಾರುವವರ ಲಾಭಕ್ಕಾಗಿ ಹುಟ್ಟಿದವುಗಳಲ್ಲವೇ? ಈ ಸಂಶಯಕ್ಕೆ ಸಂಶೋಧನೆಗಳಿಂದಲೇ ಉತ್ತರ ಪಡೆಯುವುದು ಲೇಸು.

ಪರೀಕ್ಷೆಗಳು ತೋರಿಸಿಕೊಟ್ಟದ್ದು

ಅಮೆರಿಕದಲ್ಲಿ 1985ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬೂಟುಗಳನ್ನು ಯಂತ್ರಕ್ಕೆ ಜೋಡಿಸಿ ಓಟದ ಪೆಟ್ಟುಗಳನ್ನು ಕೊಡಲಾಯಿತು. ಸುಮಾರು 80 ಕಿಲೋಮೀಟರಿಗೇ ಆಘಾತವನ್ನು ತಡೆಯುವ ಶಕ್ತಿ ಮೊದಲಿನ ಶೇಕಡ 75ಕ್ಕೆ ಇಳಿಯಿತು. 400ರಿಂದ 800 ಕಿಲೋಮೀಟರುಗಳ ನಡುವೆ ಅದು ಶೇಕಡ 60ಕ್ಕಿಂತ ಕಡಿಮೆಯಾಯಿತು. ಆದರೆ ಮನುಷ್ಯರೇ ತೊಟ್ಟು ಓಡಿದ ಬೂಟುಗಳಲ್ಲಿ 800 ಕಿಲೋಮೀಟರಿನ ನಂತರವೂ ಸುಮಾರು ಶೇಕಡ 70ರಷ್ಟು ಶಕ್ತಿ ಉಳಿದಿತ್ತು. ಈ ಅಧ್ಯಯನದ ಇನ್ನೊಂದು ಫಲಿತಾಂಶ ಗೃಹಸ್ಥರು ಮನಸ್ಸಿನಲ್ಲಿಡತಕ್ಕದ್ದು: ಬೂಟಿನ ಬೆಲೆಗೂ ಆಘಾತವನ್ನು ತಡೆಯುವ ಅದರ ಗುಣಕ್ಕೂ ಅಲ್ಲಿ ಸಂಬಂಧ ಕಂಡುಬರಲಿಲ್ಲ.

2009ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ 24 ಮಂದಿ ಓಟಗಾರರು ತಲಾ ಸುಮಾರು 320 ಕಿಲೋಮೀಟರ್ ಓಡಿದರು. ಬೂಟು ಹಳೆಯದಾದಂತೆ ಅವರ ಪಾದಗಳು ನೆಲದ ಮೇಲೆ ನಿಲ್ಲುವ ಕಾಲ ಹೆಚ್ಚಿತು. ನೆಲದಿಂದ ಬರುವ ಒತ್ತಡವು ಮಾತ್ರ ಹೆಚ್ಚಲಿಲ್ಲ. ಬೂಟಿನಲ್ಲಿ ಕುಗ್ಗಿದ ಶಕ್ತಿಯನ್ನು ದೇಹವು ತನ್ನ ಚಲನೆಯನ್ನು ಮಾರ್ಪಡಿಸಿಕೊಂಡು ತುಂಬಿಕೊಡುತ್ತದೆ ಎಂಬುದು ಇದರ ತಾತ್ಪರ್ಯ.

ಈ ಎರಡು ಅಧ್ಯಯನಗಳನ್ನು ಜೊತೆಯಾಗಿಟ್ಟು ವಿವೇಚಿಸಿದರೆ ಸತ್ಯವು ಮಧ್ಯದಲ್ಲಿದೆ ಎಂದು ತಿಳಿಯುತ್ತದೆ. 800 ಕಿಲೋಮೀಟರ್ ಮುಗಿದ ಮರುದಿನವೇ ಬೂಟು ಅಪಾಯಕಾರಿಯಾಗುವುದಿಲ್ಲ. ಆದರೆ ಅದರ ಕ್ಷಯವು ಮೊದಲ ದಿನದಿಂದಲೇ ಆರಂಭವಾಗಿರುತ್ತದೆ. ಆ ಕೊರತೆಯನ್ನು ತುಂಬುವ ಹೊಣೆ ಸ್ನಾಯು ಕೀಲುಗಳದ್ದು. ಯುವಕರ ದೇಹ ಈ ಹೊಣೆಯನ್ನು ಸುಲಭವಾಗಿ ಹೊರಬಲ್ಲದು. ಅರವತ್ತು ದಾಟಿದವರ ಮೊಣಕಾಲು ಅಷ್ಟು ಸುಲಭವಾಗಿ ಹೊರಲಾರದು. ಮಗನ ಹಳೆಯ ಬೂಟು ತಂದೆಗೆ ತಕ್ಕುದಲ್ಲವೆನ್ನುವುದು ಇದಕ್ಕಾಗಿಯೇ.

ಒಂದೇ ಓಟಕ್ಕಾಗಿ ಮಾಡಿದ ಬೂಟು

ಇಥಿಯೋಪಿಯದ ಅಬೆಬೆ ಬಿಕಿಲ 1960ರಲ್ಲಿ ರೋಮ್ ಒಲಿಂಪಿಕ್ಸ್‌ನ ಮ್ಯಾರಥಾನನ್ನು ಬರಿಗಾಲಿನಲ್ಲಿ ಓಡಿ ಗೆದ್ದರು. 1964ರಲ್ಲಿ ಟೋಕಿಯೋದಲ್ಲಿ ಬೂಟು ತೊಟ್ಟು ಮತ್ತೆ ಗೆದ್ದರು. ಅದೇ ದೇಶದ ಟಿಗಿಸ್ಟ್ ಅಸ್ಸೆಫ 2023ರ ಸೆಪ್ಟೆಂಬರಿನಲ್ಲಿ ಬರ್ಲಿನ್ ಮ್ಯಾರಥಾನನ್ನು 2 ಗಂಟೆ 11 ನಿಮಿಷ 53 ಸೆಕೆಂಡುಗಳಲ್ಲಿ ಓಡಿ ಅಂದಿಗೆ ಮಹಿಳೆಯರ ವಿಶ್ವದಾಖಲೆಯನ್ನು ಸ್ಥಾಪಿಸಿದಾಗ ಅವರು ತೊಟ್ಟಿದ್ದ ಅಡಿಡಾಸ್ ಬೂಟು ತೂಗುತ್ತಿದ್ದುದು 138 ಗ್ರಾಂ ಮಾತ್ರ. ಅದರ ಬೆಲೆ 500 ಡಾಲರ್. ಒಂದು ಮ್ಯಾರಥಾನಿಗೂ ಅದಕ್ಕೆ ಮುನ್ನ ಕಾಲಿಗೆ ರೂಢಿ ಮಾಡಿಕೊಳ್ಳುವ ಅಲ್ಪ ಬಳಕೆಗೂ ತಕ್ಕಂತೆ ಅದನ್ನು ರೂಪಿಸಿದ್ದೇವೆಂದು ತಯಾರಕರೇ ಸಾರಿದರು. ಹಗುರತೆಗಾಗಿ ಆಯುಷ್ಯವನ್ನು ತೆತ್ತದ್ದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ದಾಖಲೆಗಾಗಿ ಓಡುವವರ ಬೂಟನ್ನು ನೋಡಿ ಆರೋಗ್ಯಕ್ಕಾಗಿ ಓಡುವವರು ಮರುಳಾಗಬೇಕಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚೆಂಬ ಗಾದೆ ಇಲ್ಲಿಯೂ ಸಲ್ಲುತ್ತದೆ. 4,000 ರೂಪಾಯಿಯ ಬೂಟು 800 ಕಿಲೋಮೀಟರ್ ಬಾಳಿತೆಂದು ಇಟ್ಟುಕೊಂಡರೆ ಕಿಲೋಮೀಟರಿಗೆ 5 ರೂಪಾಯಿ ಬಿದ್ದಂತಾಯಿತು. ಕೊಳ್ಳುವಾಗ ಹೀಗೆ ಲೆಕ್ಕ ಹಾಕಿದರೆ ಆಡಂಬರವೂ ತಗ್ಗುತ್ತದೆ, ಬಿಡಬೇಕಾದಾಗ ಸಂಕಟವೂ ತಗ್ಗುತ್ತದೆ.

ಮುಪ್ಪನ್ನು ಗುರುತಿಸುವ ಬಗೆ

ಬೂಟನ್ನು ಸಮತಟ್ಟಾದ ಮೇಜಿನ ಮೇಲಿಟ್ಟು ಹಿಂಬದಿಯಿಂದ ನೋಡಬೇಕು. ಒಂದು ಪಕ್ಕಕ್ಕೆ ವಾಲಿದ್ದರೆ ನಡುಪದರವು ಆ ಪಕ್ಕದಲ್ಲಿ ಕುಸಿದಿದೆ ಎಂದರ್ಥ. ನಡುಪದರದ ಪಕ್ಕದ ಗೋಡೆಯಲ್ಲಿ ಅಡ್ಡಲಾಗಿ ಆಳವಾದ ಸುಕ್ಕುಗಳು ಮೂಡಿರುವುದು ಎರಡನೆಯ ಲಕ್ಷಣ. ಹೆಬ್ಬೆರಳಿನಿಂದ ಒತ್ತಿದಾಗ ಮೆತುವಾಗಿ ತಗ್ಗದೆ ಗಡುಸಾಗಿರುವುದು ಮೂರನೆಯದು. ಹಿಮ್ಮಡಿಯನ್ನು ಹಿಡಿದಿಡುವ ಹಿಂಭಾಗ ಸಡಿಲವಾಗಿ ಮಡಚಿಕೊಳ್ಳುತ್ತಿದ್ದರೆ, ರಬ್ಬರು ಸವೆದು ಒಳಗಿನ ಫೋಮ್ ಕಾಣುತ್ತಿದ್ದರೆ ವಿಚಾರಿಸುವುದೇ ಬೇಡ. ಹಿಮ್ಮಡಿಯ ಹೊರ ಅಂಚು ಸ್ವಲ್ಪ ಸವೆದಿರುವುದು ಮಾತ್ರ ದೋಷವಲ್ಲ. ಬಹುಮಂದಿಯ ಪಾದ ಮೊದಲು ನೆಲಕ್ಕೆ ತಾಗುವುದು ಅಲ್ಲಿಯೇ.

ಇವೆಲ್ಲಕ್ಕಿಂತ ಮುಖ್ಯವಾದ ಸಾಕ್ಷಿ ದೇಹದ್ದು. ದೂರವನ್ನಾಗಲಿ ವೇಗವನ್ನಾಗಲಿ ಹೆಚ್ಚಿಸದಿದ್ದರೂ ಮೊಣಕಾಲಿನಲ್ಲಿ, ಮುಂಗಾಲಿನ ಎಲುಬಿನಲ್ಲಿ, ಹಿಮ್ಮಡಿಯಲ್ಲಿ ಹೊಸದಾಗಿ ನೋವು ಕಾಣಿಸಿಕೊಂಡರೆ ಮೊದಲು ಬೂಟನ್ನು ಪರೀಕ್ಷಿಸಬೇಕು. ಬೂಟು ಬದಲಿಸಿದರೂ ನೋವು ಉಳಿದರೆ ವೈದ್ಯರನ್ನು ಕಾಣಬೇಕು.

ಬಳಸದೆ ಇಟ್ಟರೂ ಕ್ಷಯ

ಮದುವೆ ಮುಂಜಿಗಳಿಗೆಂದು ಕಪಾಟಿನಲ್ಲಿ ಜೋಪಾನವಾಗಿಟ್ಟ ಬೂಟನ್ನು ಮೂರು ನಾಲ್ಕು ವರ್ಷಗಳ ಮೇಲೆ ತೊಟ್ಟಾಗ ತಳವು ಪುಡಿಪುಡಿಯಾಗಿ ಉದುರಿದ ಅನುಭವ ಹಲವರಿಗುಂಟು. ಇದು ಮಾರಿದವರ ಮೋಸವೇ ಆಗಬೇಕೆಂದಿಲ್ಲ. ಕೆಲವು ಪಾದರಕ್ಷೆಗಳ ತಳವನ್ನು ಪಾಲಿಯುರಿಥೇನ್ ಎಂಬ ವಸ್ತುವಿನಿಂದ ಮಾಡಿರುತ್ತಾರೆ. ಗಾಳಿಯಲ್ಲಿರುವ ತೇವವು ಈ ವಸ್ತುವಿನ ಬಂಧವನ್ನು ನಿಧಾನವಾಗಿ ಒಡೆಯುತ್ತದೆ. ಮಲೆನಾಡು, ಕರಾವಳಿಗಳಂತಹ ತೇವದ ಸೀಮೆಗಳಲ್ಲಿ ಈ ಕ್ರಿಯೆ ಬೇಗ ನಡೆಯುತ್ತದೆ. ಇವಿಎ ಹೀಗೆ ಪುಡಿಯಾಗದಿದ್ದರೂ ಕಾಲ ಕಳೆದಂತೆ ಗಡುಸಾಗುತ್ತದೆ, ಅಂಟು ಬಿಡುತ್ತದೆ. ಆದುದರಿಂದ ಅಗ್ಗವಾಗಿ ಸಿಕ್ಕಿತೆಂದು ನಾಲ್ಕಾರು ಜೊತೆಗಳನ್ನು ಕೊಂಡು ಸಂಗ್ರಹಿಸುವುದು ಉಳಿತಾಯವಲ್ಲ.

ಆಯುಷ್ಯವನ್ನು ಕಾಯುವ ಕ್ರಮ

ಓಟದ ಬೂಟನ್ನು ಓಟಕ್ಕೆ, ನಡಿಗೆಗೆ ಮಾತ್ರ ಮೀಸಲಿಡಬೇಕು. ಅದನ್ನೇ ತೊಟ್ಟು ಪೇಟೆಗೂ ಕಚೇರಿಗೂ ತಿರುಗಿದರೆ ದೂರವು ಲೆಕ್ಕವಿಲ್ಲದೆ ಬೆಳೆಯುತ್ತದೆ. ಲೇಸನ್ನು ಬಿಚ್ಚದೆ ಹಿಮ್ಮಡಿಯಿಂದ ತುಳಿದು ಕಳಚುವ ಅಭ್ಯಾಸವು ಹಿಂಭಾಗವನ್ನು ಕೆಡಿಸುತ್ತದೆ. ಕೊಳೆಯಾದಾಗ ತಣ್ಣೀರು, ಸೌಮ್ಯವಾದ ಸಾಬೂನು, ಮೃದುವಾದ ಬ್ರಷ್ ಸಾಕು. ಬಟ್ಟೆ ಒಗೆಯುವ ಯಂತ್ರವೂ ಬಿಸಿನೀರೂ ಬೇಡ. ಮಳೆಯಲ್ಲಿ ನೆನೆದಾಗ ಒಳಹಾಸನ್ನು ಹೊರತೆಗೆದು, ಒಳಗೆ ಹಳೆಯ ವೃತ್ತಪತ್ರಿಕೆಯ ಕಾಗದವನ್ನು ತುರುಕಿ ನೆರಳಿನಲ್ಲಿ ಒಣಗಿಸಬೇಕು. ಸುಡುಬಿಸಿಲು, ಒಲೆಯ ಬಳಿ, ಮುಚ್ಚಿದ ಕಾರಿನ ಒಳಗೆ ಇವು ಮೂರೂ ಫೋಮಿಗೂ ಅಂಟಿಗೂ ಶತ್ರುಗಳು.

ಅನುಕೂಲವಿದ್ದವರು ಎರಡು ಜೊತೆಗಳನ್ನು ಸರದಿಯ ಮೇಲೆ ಬಳಸುವುದು ಉತ್ತಮ. ಲಕ್ಸೆಂಬರ್ಗಿನಲ್ಲಿ 264 ಓಟಗಾರರನ್ನು 22 ವಾರಗಳ ಕಾಲ ಗಮನಿಸಿದಾಗ, ಒಂದಕ್ಕಿಂತ ಹೆಚ್ಚು ಬೂಟುಗಳನ್ನು ಸರದಿಯಲ್ಲಿ ಬಳಸಿದವರಲ್ಲಿ ಗಾಯದ ಸಂಭವವು ಶೇಕಡ 39ರಷ್ಟು ಕಡಿಮೆ ಕಂಡುಬಂತು. ಕೊಂಡ ದಿನಾಂಕವನ್ನು ಬೂಟಿನ ನಾಲಿಗೆಯ ಒಳಮೈಯಲ್ಲಿ ಶಾಯಿಯಿಂದ ಬರೆದು, ಕ್ರಮಿಸಿದ ದೂರವನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತ ಹೋದರೆ ಸಂದೇಹಕ್ಕೆಡೆಯಿರದು.

ಸಕ್ಕರೆ ಕಾಯಿಲೆಯವರೂ ಮಕ್ಕಳೂ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದ ಅಧ್ಯಯನವೊಂದು 2023ರಲ್ಲಿ ನಮ್ಮ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆಯಿದೆಯೆಂದು ಅಂದಾಜು ಮಾಡಿತು. ಇಂಥವರಿಗೆ ವೈದ್ಯರು ಹೇಳುವ ಮೊದಲ ಮಾತೇ ನಡೆಯಿರಿ ಎಂಬುದು. ಆದರೆ ಈ ಕಾಯಿಲೆ ಹಳೆಯದಾದಂತೆ ಹಲವರ ಪಾದಗಳ ಸ್ಪರ್ಶಜ್ಞಾನ ಕುಂದುತ್ತದೆ. ಸವೆದ ಬೂಟಿನ ಒಳಮಡಿಕೆ ಉಜ್ಜಿದರೂ, ಸಣ್ಣ ಹರಳು ಚುಚ್ಚಿದರೂ ತಿಳಿಯುವುದಿಲ್ಲ. ಅರಿವಿಲ್ಲದೆ ಆದ ಗಾಯ ವ್ರಣವಾಗಿ, ಕಡೆಗೆ ಬೆರಳನ್ನೋ ಪಾದವನ್ನೋ ತೆಗೆಯಬೇಕಾದ ಪ್ರಸಂಗಗಳುಂಟು. ಇವರು ನಿತ್ಯವೂ ತೊಡುವ ಮುನ್ನ ಬೂಟಿನೊಳಗೆ ಕೈಯಾಡಿಸಿ ನೋಡಬೇಕು; ಬಂದ ಮೇಲೆ ಪಾದವನ್ನು ಪರೀಕ್ಷಿಸಿಕೊಳ್ಳಬೇಕು. ಮತ್ತೊಬ್ಬರ ಪಾದದ ಅಚ್ಚಿಗೆ ಒಗ್ಗಿದ ಬೂಟನ್ನು ಇವರಿಗೆ ಕೊಡಲೇಬಾರದು. ನೋವಿನ ಎಚ್ಚರಿಕೆಯೇ ಇಲ್ಲದವರಿಗೆ ಬೂಟನ್ನು ಸಕಾಲದಲ್ಲಿ ಬದಲಿಸುವುದು ಔಷಧದಷ್ಟೇ ಅವಶ್ಯ.

ಮಕ್ಕಳ ವಿಷಯ ಬೇರೆ. ಅವರ ಬೂಟು ಸವೆಯುವ ಮೊದಲೇ ಪಾದ ಬೆಳೆದಿರುತ್ತದೆ. ಬೆರಳ ತುದಿಗೂ ಬೂಟಿನ ತುದಿಗೂ ನಡುವೆ ನಮ್ಮ ಹೆಬ್ಬೆರಳಿನ ಅಗಲದಷ್ಟು ಎಡೆಯಿದೆಯೇ ಎಂದು ಆಗಾಗ ನೋಡುತ್ತಿರಬೇಕು.

ಬಿಡುವ ವಿವೇಕ

ಶರಣ ಹರಳಯ್ಯನವರೂ ಅವರ ಪತ್ನಿ ಕಲ್ಯಾಣಮ್ಮನವರೂ ಬಸವಣ್ಣನವರಿಗಾಗಿ ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಮಾಡಿದರೆಂಬ ಪ್ರಸಂಗವನ್ನು ನಮ್ಮ ಪರಂಪರೆ ಭಕ್ತಿಯಿಂದ ನೆನೆಯುತ್ತದೆ. ಪಾದರಕ್ಷೆ ಹೊಲಿಯುವ ಕಾಯಕ ನಮಗೆ ಕೀಳಲ್ಲ. ಊರಿನ ಕುಶಲಕರ್ಮಿಯ ಬಳಿ ಒಯ್ದರೆ ಬಿಟ್ಟ ಅಂಚನ್ನು ಅವರು ಹೊಲಿದುಕೊಡುತ್ತಾರೆ, ಅಟ್ಟೆಯನ್ನು ಅಂಟಿಸುತ್ತಾರೆ. ಚಪ್ಪಲಿಗೆ ಇದು ಮರುಜನ್ಮವೇ ಸರಿ. ಆದರೆ ಸತ್ತ ಫೋಮಿಗೆ ಜೀವ ತುಂಬುವುದು ಯಾವ ಕುಶಲನ ಕೈಯಲ್ಲಿಯೂ ಇಲ್ಲ.

ಓಟಕ್ಕೆ ಸಲ್ಲದ ಬೂಟು ಕೈತೋಟದ ಕೆಲಸಕ್ಕೆ, ಹಿತ್ತಲಿನ ಓಡಾಟಕ್ಕೆ ಇನ್ನೂ ಕೆಲವು ಕಾಲ ಸಲ್ಲುತ್ತದೆ. ಅಷ್ಟು ಬಳಸುವುದು ಮಿತವ್ಯಯ. ಸತ್ವಹೀನವಾದುದನ್ನು ಬಡ ವಿದ್ಯಾರ್ಥಿಗೆ ಓಡಲೆಂದು ಕೊಟ್ಟು ದಾನ ಮಾಡಿದೆವೆಂದು ತೃಪ್ತಿಪಡುವುದು ದಾಸೋಹವೆನಿಸದು. ಕೊಡುವುದಾದರೆ ಇನ್ನೂ ಬಾಳಿಕೆಯುಳ್ಳದ್ದನ್ನು, ಪಾದಕ್ಕೆ ಹೊಂದುವುದನ್ನು ಕೊಡಬೇಕು.

ವಸ್ತುವನ್ನು ಪೂರ್ಣವಾಗಿ ಬಳಸುವುದು ಒಂದು ಧರ್ಮ. ಅದರ ಕಾಲ ಮುಗಿದಾಗ ಬಿಡುವುದು ಇನ್ನೊಂದು ಧರ್ಮ. ಓದುಗ ಬಂಧುಗಳು ಈ ವಾರ ಬಿಡುವು ಮಾಡಿಕೊಂಡು ಮನೆಯಲ್ಲಿರುವ ನಡಿಗೆಯ, ಓಟದ ಬೂಟುಗಳನ್ನೆಲ್ಲ ಮೇಜಿನ ಮೇಲಿಟ್ಟು ಒಮ್ಮೆ ಪರೀಕ್ಷಿಸಲಿ. ಮೊದಲು ಮನೆಯ ಹಿರಿಯರ ಬೂಟನ್ನು ನೋಡಲಿ.